ತೂಕದ ಬೆಳ್ಳಿ, ಗುರುತಿನ ಬೆಳ್ಳಿ

ನಿಜಾಮರ ಕಾಲದಲ್ಲಿ ಬಸವಕಲ್ಯಾಣ, ಹುಮನಾಬಾದ್ ಸೀಮೆಗೆ ಎರಡು ಬೆಳ್ಳಿ ರೂಪಾಯಿಗಳ ಪರಿಚಯವಿತ್ತು: ನಿಜಾಮರ ಹಾಲಿ ಸಿಕ್ಕಾ, ಇಂಗ್ಲಿಷರ ಕಲ್ದಾರ. ಏಳು ಹಾಲಿಗೆ ಆರು ಕಲ್ದಾರ ಎಂಬುದು ಲೆಕ್ಕ. ದರ್ಬಾರಿನ ಮರ್ಜಿಯಂತೆ ಕಾಣುವ ಈ ದರದ ಬೇರು ತಕ್ಕಡಿಯಲ್ಲಿದೆ. ಹಳೆಯ ಹಾಲಿಯ ತೂಕ 11.178 ಗ್ರಾಂ, ಅದರಲ್ಲಿ ಬೆಳ್ಳಿ ಶೇ 81.8. ಕಲ್ದಾರ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ; 1940ರಲ್ಲಿ ಬೆಳ್ಳಿ ಅರ್ಧಕ್ಕಿಳಿಯುವ ತನಕ ಶೇ 91.7. ಗುಣಿಸಿ ನೋಡಿ: ಏಳು ಹಾಲಿಯಲ್ಲೂ ಆರು ಕಲ್ದಾರದಲ್ಲೂ ಶುದ್ಧ ಬೆಳ್ಳಿ ಸುಮಾರು 64 ಗ್ರಾಂ. ನಾಣ್ಯವೆಂದರೆ ಮುದ್ರೆ ಬಿದ್ದ ಗಟ್ಟಿ ಬೆಳ್ಳಿ ಎಂಬ ನಂಬಿಕೆ ಆ ಲೆಕ್ಕದೊಳಗಿದೆ. ಇಂದು ತೂಕದ ಬೆಲೆ ಬೇರೆ, ಗುರುತಿನ ಬೆಲೆ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವವರಿಗೆ ಕೊಳ್ಳುವಾಗಲೂ ನಷ್ಟ, ಮಾರುವಾಗಲೂ ನಷ್ಟ.

ಕಲ್ಯಾಣಕ್ಕೆ ಹತ್ತಿರದ ಉದಾಹರಣೆಯೇ ಇದೆ. ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣನವರ ಸ್ಮರಣೆಗೆ ಭಾರತ ಸರ್ಕಾರ 2006ರಲ್ಲಿ 100 ರೂಪಾಯಿ ನಾಣ್ಯ ಹೊರತಂದಿತು. ತೂಕ 35 ಗ್ರಾಂ, ಅರ್ಧ ಮಾತ್ರ ಬೆಳ್ಳಿ. ಉಳಿದದ್ದು ತಾಮ್ರ, ನಿಕ್ಕಲ್, ಸತು. ದೀಪಾವಳಿಗೆ ಸರಾಫರು ಮಾರುವ 20 ಗ್ರಾಂ ತೂಕದ 999 ಗುರುತಿನ ಲಕ್ಷ್ಮಿ ಬಿಲ್ಲೆಯಲ್ಲಿ ಇದಕ್ಕಿಂತ ಹೆಚ್ಚು ಬೆಳ್ಳಿ ಇರುತ್ತದೆ. ಹಾಗಾದರೆ ಸರ್ಕಾರದ್ದು ಮೋಸವೇ? ಅಲ್ಲ. ಮಿಶ್ರಣ ಘೋಷಿತವಾದದ್ದು. ಸಂಗ್ರಾಹಕ ಹಣ ಕೊಡುವುದು ಟಂಕಸಾಲೆಯ ಕೆಲಸಕ್ಕೆ: ಪ್ರೂಫ್ ನಾಣ್ಯವಾದರೆ ಅಚ್ಚಿಗೂ ಬಿಲ್ಲೆಗೂ ಹೊಳಪು ಕೊಟ್ಟು, ಒಂದಕ್ಕಿಂತ ಹೆಚ್ಚು ಸಲ ಒತ್ತಿರುತ್ತಾರೆ. ಅಮೆರಿಕದ ಬೆಳ್ಳಿ ನಾಣ್ಯ ಸಿಲ್ವರ್ ಈಗಲ್ 1986ರಿಂದ ಸಾದಾ, ಪ್ರೂಫ್ ಎಂಬ ಎರಡೂ ಬಗೆಯಲ್ಲಿ ಬರುತ್ತಿದೆ. ಎರಡರಲ್ಲೂ ಬೆಳ್ಳಿ ಅಷ್ಟೇ, ಬೆಲೆ ಮಾತ್ರ ಬೇರೆ.

ಹೊಳಪೂ ಪೆಟ್ಟಿಗೆಯೂ ಮಾರಾಟದ ಬಣ್ಣ, ಕೊನೆಗೆ ಉಳಿಯುವುದು ಲೋಹವೇ ಎಂದು ವಾದಿಸುವವರಿದ್ದಾರೆ. ಅವರಿಗೆ ಚಾರ್‌ಮಿನಾರ್ ಮುದ್ರೆಯ ಹಾಲಿಯೇ ಉತ್ತರ. ಪೆಟ್ಟಿಗೆಯಿಲ್ಲದೆ ಸಂತೆಯಲ್ಲಿ ಕೈ ಬದಲಿಸಿದ ನಾಣ್ಯ ಅದು. 1911ರಲ್ಲಿ ಪಟ್ಟಕ್ಕೆ ಬಂದ ನಿಜಾಮ ಉಸ್ಮಾನ್ ಅಲಿ ಖಾನರ ಮೊದಲ ರೂಪಾಯಿಗಳಲ್ಲಿ ಚಾರ್‌ಮಿನಾರಿನ ಬಾಗಿಲೊಳಗೆ ಉರ್ದುವಿನ ‘ಐನ್’ ಅಕ್ಷರ ಅರ್ಧ ಮಾತ್ರ ಇದೆ, ಆಮೇಲಿನವುಗಳಲ್ಲಿ ಪೂರ್ತಿ. ತೂಕ ಒಂದೇ, ಆದರೂ ಸಂಗ್ರಾಹಕರು ಎರಡನ್ನೂ ಬೇರೆ ಬೇರೆ ಬಗೆಯೆಂದೇ ಎಣಿಸುತ್ತಾರೆ. ತಕ್ಕಡಿಗೆ ಆ ಅರ್ಧ ಅಕ್ಷರ ಕಾಣದು. ವಿಭೂತಿ ಹಚ್ಚಿ ತಿಕ್ಕಿದರೆ ಲಕ್ಷ್ಮಿ ಬಿಲ್ಲೆ ಬೆಳಗುತ್ತದೆ, ಹಾಲಿಯ ಮೈಯ ಗೆರೆ ಸವೆಯುತ್ತದೆ. ಲಂಬಾಣಿ ಒಡವೆಗೆಂದು ಕೊಂಡಿ ಬೆಸೆದ ರೂಪಾಯಿಯ ಬೆಳ್ಳಿಗೆ ಊನವಿಲ್ಲ, ಸಂಗ್ರಾಹಕ ಮಾತ್ರ ಹಿಂದೆ ಸರಿಯುತ್ತಾನೆ.

ಅಪರೂಪದ ನಾಣ್ಯ ಹೇಗೂ ಬೆಲೆ ಏರುತ್ತದಲ್ಲ, ಅದನ್ನೇ ಉಳಿತಾಯವೆನ್ನಬಾರದೇಕೆ? ಏರಬಹುದು, ಬೇಕೆನ್ನುವ ಇನ್ನೊಬ್ಬ ಬಲ್ಲವ ಸಿಕ್ಕರೆ. ಬರೀ ತೂಕ ನೋಡುವ ಕಟ್ಟೆಯಲ್ಲಿ ಬಸವಣ್ಣನವರ ನಾಣ್ಯವೂ ಹದಿನೇಳೂವರೆ ಗ್ರಾಂ ಬೆಳ್ಳಿಯಷ್ಟೇ. ನಾಳೆಯೇ ಹಣ ಬೇಕಾದೀತು ಎನ್ನುವವರು ಶುದ್ಧ ಬಿಲ್ಲೆ ಕೊಳ್ಳಲಿ. ನಾಣ್ಯದ ಮೇಲೆ ಪ್ರೀತಿಯಿದ್ದವರು ಸ್ಮಾರಕ ನಾಣ್ಯ ಕೊಳ್ಳಲಿ, ಬಡ್ಡಿ ಎಣಿಸದಿರಲಿ. ಅಜ್ಜಿಯ ಗಂಟಿನ ಹಾಲಿಗಳನ್ನು ಮಾರುವವರಿಗೆ ಒಂದೇ ಎಚ್ಚರ: ಮೊದಲು ನೋಡಿಸಿ, ಆಮೇಲೆ ತೂಗಿಸಿ. ಹಾಲಿಯನ್ನು ಎಂದು ಬೇಕಾದರೂ ಗಟ್ಟಿ ಮಾಡಬಹುದು. ಮೂಸೆಗೆ ಬಿದ್ದ ಮೇಲೆ ಅರ್ಧ ಐನ್ ಮರಳಿ ಮೂಡದು.