ಎಣಿಕೆಯಲ್ಲಿ ಕರಗುವ ಮನೆಮಾತು

ಬಳ್ಳಾರಿಯ ಸತ್ಯನಾರಾಯಣಪೇಟೆಯಂತಹ ಬಡಾವಣೆಯಲ್ಲಿ ಕನ್ನಡ, ತೆಲುಗು, ದಖನಿ ಒಟ್ಟಿಗೇ ಕಿವಿಗೆ ಬೀಳುತ್ತವೆ. 1953ರವರೆಗೆ ಮದರಾಸಿಗೆ ಸೇರಿದ್ದ ಈ ಗಡಿಜಿಲ್ಲೆಯಲ್ಲಿ ಎರಡು-ಮೂರು ಮಾತು ಬರುವುದು ವಿಶೇಷವಲ್ಲ. ಆದರೆ ಈ ಸಂಪತ್ತು ಸರಕಾರಿ ಲೆಕ್ಕದಲ್ಲಿ ಹೇಗೆ ಕಾಣುತ್ತದೆ?

2011ರ ಜನಗಣತಿಯಲ್ಲಿ ಜನರು ಹೇಳಿದ ಮಾತೃಭಾಷೆಯ ಹೆಸರುಗಳು 19,569. ಪರಿಷ್ಕರಿಸಿದಾಗ ಉಳಿದದ್ದು 1,369. ಹತ್ತು ಸಾವಿರ ಮಂದಿಯ ಮಿತಿ ಹಾಕಿ ಗುಂಪುಗೂಡಿಸಿದ ಮೇಲೆ 121. ಒಂದೇ ಮಾತಿಗೆ ಹಲವು ಹೆಸರುಗಳಿರುವುದರಿಂದ ಜರಡಿ ಹಿಡಿಯಲೇಬೇಕು, ನಿಜ. ನಮ್ಮ ತಕರಾರು ಜರಡಿಯ ಬಗೆಗೆ. 32 ಲಕ್ಷಕ್ಕೂ ಹೆಚ್ಚು ಮಂದಿಯ ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸಲಾಯಿತು. ದಖನಿ ಉರ್ದುವಿನಲ್ಲಿ ಕರಗಿತು. ಗಣೇಶ ದೇವಿಯವರ ನೇತೃತ್ವದಲ್ಲಿ 2010ರಲ್ಲಿ ಆರಂಭವಾದ ಭಾರತೀಯ ಜನಭಾಷಾ ಸಮೀಕ್ಷೆಯಾದರೋ 780 ಭಾಷೆಗಳನ್ನು ಗುರುತಿಸಿತು.

ಹಾಗೆಂದು ದೋಷ ಸರಕಾರದ್ದು ಮಾತ್ರವಲ್ಲ. ದಖನಿಯನ್ನು ‘ಅಶುದ್ಧ ಉರ್ದು’ ಎಂದು ಹೀಗಳೆಯುವವರು ಸಮುದಾಯದೊಳಗೂ ಇದ್ದಾರೆ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬೆ ನವರಸ್’ ರಚಿಸಿದ್ದು ಇದೇ ದಖನಿಯಲ್ಲಿ ಎಂಬುದನ್ನು ಅವರು ಮರೆಯುತ್ತಾರೆ.

2027ರ ಜನಗಣತಿಯ ಲೆಕ್ಕದಲ್ಲಿ ಇಂತಹ ಭಾಷೆಗಳಿಗೆ ಸ್ವತಂತ್ರ ಸ್ಥಾನ ಸಿಗಬೇಕು. ಅದಕ್ಕೂ ಮೊದಲು, ಗಣತಿದಾರರು ಕೇಳಿದಾಗ ಮನೆಮಾತಿನ ಹೆಸರನ್ನು ಸಂಕೋಚವಿಲ್ಲದೆ ಹೇಳಬೇಕು. ಹೇಳದ ಹೆಸರನ್ನು ಯಾವ ಸಮೀಕ್ಷೆಯೂ ಉಳಿಸಲಾರದು.