ಅಳತೆ ಸಿಕ್ಕಿತು, ಕಾರಣ ಸಿಗಲಿಲ್ಲ

ವ್ಯಕ್ತಿತ್ವ ಮನೋವಿಜ್ಞಾನ ಇಂದು ಬಹುಮಟ್ಟಿಗೆ 'ಬಿಗ್ ಫೈವ್' ಎಂಬ ಐದು ಗುಣಗಳನ್ನು ನೆಚ್ಚಿಕೊಂಡಿದೆ: ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆ, ಭಾವನೆಗಳ ಅಸ್ಥಿರತೆ, ಹೊಸದಕ್ಕೆ ತೆರೆದುಕೊಳ್ಳುವ ಮನಸ್ಸು. ಇವು ಮನಸ್ಸಿನ ಬಗೆಗಿನ ಯಾವುದೋ ಸಿದ್ಧಾಂತದಿಂದ ಹುಟ್ಟಿದವಲ್ಲ, ನಿಘಂಟಿನಿಂದ ಬಂದವು. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಮನುಷ್ಯರ ನಡೆನುಡಿಯ ವ್ಯತ್ಯಾಸ ಹೇಳುವ ಸುಮಾರು 18,000 ಪದಗಳನ್ನು ಹೆಕ್ಕಿದರು. ನಂತರದವರು ಅವನ್ನು ಸೋಸಿ, ಜನರಿಂದ ಅಂಕ ಹಾಕಿಸಿ, ಜೊತೆಜೊತೆಗೆ ಏರಿಳಿಯುವ ಪದಗಳನ್ನು ಗುಂಪು ಮಾಡಿದರು. 1961ರಲ್ಲಿ ಅಮೆರಿಕದ ವಾಯುಪಡೆಗಾಗಿ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ನಡೆಸಿದ ವಿಶ್ಲೇಷಣೆಯಲ್ಲಿ ಐದು ಗುಂಪುಗಳು ಎದ್ದು ಕಂಡವು.

ಈ ಶಾಸ್ತ್ರವನ್ನು ಹಗುರವಾಗಿ ತಳ್ಳಿಹಾಕಲಾಗದು. ಗುಣದ ಅಂಕಕ್ಕೂ ಒಂದು ಸಂದರ್ಭದ ನಡವಳಿಕೆಗೂ ಇರುವ ಸಹಸಂಬಂಧ 0.30ನ್ನು ದಾಟುವುದು ಅಪರೂಪ ಎಂದು 1968ರಲ್ಲಿ ವಾಲ್ಟರ್ ಮಿಶೆಲ್ ತೋರಿಸಿದಾಗ ಅದರ ಬುಡವೇ ಅಲುಗಿತ್ತು. ಆದರೆ ಹಲವು ಸಂದರ್ಭಗಳ ಸರಾಸರಿ ತೆಗೆದರೆ ಚಿತ್ರ ಬದಲಾಗುತ್ತದೆ. ಮನೋವಿಜ್ಞಾನದ ಎಷ್ಟೋ ಪ್ರಸಿದ್ಧ ಪ್ರಯೋಗಗಳು ಮರುಪರೀಕ್ಷೆಯಲ್ಲಿ ಬಿದ್ದ ಕಾಲದಲ್ಲೇ, 2019ರಲ್ಲಿ ಕ್ರಿಸ್ಟೋಫರ್ ಸೋಟೋ ಈ ಗುಣಗಳಿಗೂ ಬದುಕಿನ ಫಲಗಳಿಗೂ ಇರುವ 78 ಸಂಬಂಧಗಳನ್ನು ಮತ್ತೆ ಪರೀಕ್ಷಿಸಿದರು. ಸುಮಾರು 87% ಉಳಿದುಕೊಂಡವು. ಇದು ದೊಡ್ಡ ಸಾಧನೆ.

ಆದರೆ ಅಂಕಕ್ಕೂ ಫಲಕ್ಕೂ ನಂಟಿದೆ ಎಂದ ಮಾತ್ರಕ್ಕೆ ಕಾರಣ ತಿಳಿದಂತಾಗುವುದಿಲ್ಲ. ಅವಳೇಕೆ ಎಲ್ಲರೊಡನೆ ಬೆರೆಯುತ್ತಾಳೆ? ಬಹಿರ್ಮುಖಿ, ಅದಕ್ಕೆ. ಬಹಿರ್ಮುಖಿ ಎಂದು ಗೊತ್ತಾದದ್ದು ಹೇಗೆ? ಬೆರೆಯುತ್ತಾಳಲ್ಲ! ಗುಣವೆಂಬುದು ನಡವಳಿಕೆಯನ್ನು ಹುಟ್ಟಿಸುವ ಶಕ್ತಿಯೋ, ನಡವಳಿಕೆಯ ಸಾರಾಂಶವೋ? ಬಿಗ್ ಫೈವ್ ಸಂಶೋಧಕರಾದ ಕಾಸ್ಟಾ ಮತ್ತು ಮೆಕ್ರೇ ಅದನ್ನು ಜೈವಿಕ ಮೂಲದ ಪ್ರವೃತ್ತಿ ಎನ್ನುತ್ತಾರೆ. ಉಳಿದವರಲ್ಲಿ ಅನೇಕರು ಒಪ್ಪುವುದಿಲ್ಲ. ಇತ್ಯರ್ಥವಾಗದ ಈ ಪ್ರಶ್ನೆಯನ್ನು ಬದಿಗಿಟ್ಟೇ ಸಂಶೋಧನೆ ಸಾಗುತ್ತಿದೆ.

ಇದಕ್ಕಿಂತ ಆಳವಾದ ತೊಡಕನ್ನು 2004ರಲ್ಲಿ ಪೀಟರ್ ಮೊಲೆನಾರ್ ಮುಂದಿಟ್ಟರು. ಐದು ಗುಣಗಳು ಸಿಕ್ಕಿರುವುದು ಅನೇಕರನ್ನು ಒಬ್ಬರ ಪಕ್ಕ ಒಬ್ಬರನ್ನಿಟ್ಟು ಹೋಲಿಸಿದಾಗ. ಒಬ್ಬನ ಒಳಗಿನ ರಚನೆಯೂ ಹಾಗೆಯೇ ಇರಬೇಕೆಂದಿಲ್ಲ. ಟೈಪಿಂಗನ್ನೇ ನೋಡಿ: ವೇಗವಾಗಿ ಟೈಪ್ ಮಾಡುವವರು ಪಳಗಿದವರಾದ್ದರಿಂದ ತಪ್ಪು ಕಡಿಮೆ ಮಾಡುತ್ತಾರೆ; ಆದರೆ ಅದೇ ವ್ಯಕ್ತಿ ವೇಗ ಹೆಚ್ಚಿಸಿದರೆ ತಪ್ಪು ಹೆಚ್ಚುತ್ತದೆ. ಆಲ್‌ಪೋರ್ಟ್‌ಗೆ ಈ ಅಂತರದ ಅರಿವಿತ್ತು. ಒಬ್ಬ ಹೆಂಗಸಿನ 301 ಪತ್ರಗಳನ್ನು ಆಧರಿಸಿ ಅವರು 1965ರಲ್ಲಿ ಒಂದು ಪುಸ್ತಕವನ್ನೇ ತಂದರು. ಶಾಸ್ತ್ರ ಅವರ ಪದಪಟ್ಟಿಯನ್ನು ಬೆಳೆಸಿತು, ಪತ್ರಗಳ ದಾರಿಯನ್ನು ಬಹುಮಟ್ಟಿಗೆ ಬಿಟ್ಟಿತು. ಇದು ನನಗೆ ನಿಜವಾದ ನಷ್ಟವೆನಿಸುತ್ತದೆ.

ಐದೂ ಎಲ್ಲ ಮನುಷ್ಯರಿಗೆ ಸಲ್ಲುತ್ತವೆ ಎಂಬುದೂ ಖಚಿತವಿಲ್ಲ. ಬೊಲಿವಿಯಾದ ಕಾಡಂಚಿನಲ್ಲಿ ಬೇಟೆ, ಬೇಸಾಯ ಮಾಡಿ ಬದುಕುವ ತ್ಸಿಮಾನೆ ಜನರಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅವು ಸಿಗಲಿಲ್ಲ. ಹೊಂದಿ ಬಾಳುವುದು ಮತ್ತು ದುಡಿಮೆ, ಈ ಎರಡರ ಸುತ್ತ ಗುಣಗಳು ಕೂಡಿಕೊಂಡವು. ಹೀಗಿದ್ದೂ ಕೆಲಸಕ್ಕೆ ಅರ್ಜಿ ಹಾಕಿದವನ ಅಂಕಪಟ್ಟಿಯನ್ನು ಅವನ ಒಳಗಿನ ಯಂತ್ರದ ವರದಿಯೆಂಬಂತೆ ಓದಲಾಗುತ್ತದೆ. ಆ ಪಟ್ಟಿ ಹೇಳುವುದು ಇತರರ ನಡುವೆ ಅವನ ಸ್ಥಾನವನ್ನು ಮಾತ್ರ, ಅದೂ ಬಹುತೇಕ ಅವನೇ ತುಂಬಿದ ಉತ್ತರಗಳಿಂದ.