ಕಾರ್ಟೂನಿಗೊಂದು ಊರು

ವಿನೋದ ಉದ್ಯಾನವೊಂದರಲ್ಲಿ ಕಾರ್ಟೂನುಗಳಿಗೆಂದೇ ಒಂದು ಭಾಗವನ್ನು ಕಟ್ಟುವುದಾದರೆ ಅದು ಹೇಗಿರಬೇಕು? ಈ ಪ್ರಶ್ನೆಯನ್ನು ಎಂಜಿನಿಯರಿಗೂ ಗುತ್ತಿಗೆದಾರನಿಗೂ ಬಿಟ್ಟು ಸಾಹಿತ್ಯದ ಪುಟ ಸುಮ್ಮನಿರಬಹುದಿತ್ತು. ಆದರೆ ಇದು ಮೂಲತಃ ಅಭಿರುಚಿಯ ಪ್ರಶ್ನೆ. ಒಂದು ಊರು ತನ್ನ ಮಕ್ಕಳನ್ನು ಯಾರ ಮುಖ ತೋರಿಸಿ, ಯಾವ ಮಾತಿನಲ್ಲಿ ನಗಿಸುತ್ತದೆ ಎಂಬುದು ವಿಮರ್ಶೆಗೆ ಹೊರಗಿನ ವಿಷಯವೆಂದು ನನಗೆ ತೋರುವುದಿಲ್ಲ.

ಜಯನಗರ, ಬನಶಂಕರಿಗಳ ಶಿಶುವಿಹಾರಗಳ ಗೋಡೆಗಳನ್ನು ನೋಡುತ್ತ ಹೋಗಿ. ಮಿಕಿ ಮೌಸ್ ಇದ್ದಾನೆ, ಛೋಟಾ ಭೀಮ್ ಇದ್ದಾನೆ, ಜಪಾನಿನ ಡೋರೆಮಾನ್ ಇದ್ದಾನೆ. ಅವರು ಹೊರಗಿನವರೆಂಬುದು ನನ್ನ ಆಕ್ಷೇಪವಲ್ಲ; ನಗೆಗೆ ಜಾತಿ ಕೇಳುವವನು ರಸಿಕನಲ್ಲ. ನನ್ನ ತಕರಾರು ಇರುವುದು ಅವರನ್ನು ಗೋಡೆಯಿಂದಿಳಿಸಿ ಸಿಮೆಂಟಿನ, ಫೈಬರಿನ ಗೊಂಬೆಗಳಾಗಿ ಸಾಲುಗಟ್ಟಿ ನಿಲ್ಲಿಸುವ ಪದ್ಧತಿಯ ಮೇಲೆ. ಕಾರ್ಟೂನು ಗೆರೆಯ ಕಲೆ. ಏನನ್ನು ಬರೆಯಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದರಲ್ಲಿಯೇ ಅದರ ಜೀವವಿದೆ. ಮಿಕಿ ಯಾವ ಕಡೆಗೆ ತಿರುಗಿದರೂ ಅವನ ಎರಡು ಕಿವಿಗಳೂ ದುಂಡಗೆ ಕಾಣುವಂತೆ ಚಿತ್ರಕಾರರು ಬರೆಯುತ್ತಾರೆ. ಕಾಗದದ ಮೇಲೆ ಸಲ್ಲುವ ಈ ಸೊಗಸಾದ ಸುಳ್ಳು ಸಿಮೆಂಟಿನಲ್ಲಿ ಸಲ್ಲುವುದಿಲ್ಲ. ಅಲ್ಲಿ ಉಳಿಯುವುದು ಬಣ್ಣ ಬಳಿದ ಒಂದು ಮುದ್ದೆ. ಅದರ ಪಕ್ಕದಲ್ಲಿ ನಿಂತು ಮಗು ಒಂದು ಫೋಟೋ ತೆಗೆಸಿಕೊಂಡರೆ ಆಟ ಮುಗಿಯಿತು.

ಈ ಗುಟ್ಟು ಮಿಕಿಯನ್ನು ಹುಟ್ಟಿಸಿದ ವಾಲ್ಟ್ ಡಿಸ್ನಿಗೇ ತಿಳಿದಿತ್ತು. ೧೯೫೫ರ ಜುಲೈ ೧೭ರಂದು ಕ್ಯಾಲಿಫೋರ್ನಿಯದ ಅನಹೈಮಿನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ, ಬಾಗಿಲು ದಾಟಿದವರಿಗೆ ಮೊದಲು ಎದುರಾದದ್ದು ಒಂದು ಸಣ್ಣ ಊರಿನ ಪೇಟೆಬೀದಿ. ತಾನು ಹುಡುಗನಾಗಿ ಬೆಳೆದ ಮಿಸ್ಸೂರಿಯ ಮಾರ್ಸಲೀನ್ ಎಂಬ ಊರಿನ ನೆನಪಿನಿಂದ ಅವನು ಅದನ್ನು ಕಟ್ಟಿಸಿದ್ದ. ಮಹಡಿಗಳನ್ನು ನೆಲದ ಅಂತಸ್ತಿಗಿಂತ ಚಿಕ್ಕ ಅಳತೆಯಲ್ಲಿ ಕಟ್ಟಿ, ಇದ್ದುದಕ್ಕಿಂತ ಎತ್ತರವಾಗಿ ಕಾಣುವಂತೆ ಕಣ್ಣಿಗೆ ಮೋಸ ಮಾಡಿದ್ದರು. ಮುಂದೆ ೧೯೯೩ರಲ್ಲಿ ಅಲ್ಲಿಯೇ ‘ಟೂನ್‌ಟೌನ್’ ಎಂಬ ಕಾರ್ಟೂನು ಊರನ್ನು ಕಟ್ಟಿದರು. ಅಲ್ಲಿಯ ಮನೆಗಳ ಗೋಡೆಗಳು ಉಬ್ಬಿವೆ, ಡೊಂಕಾಗಿವೆ. ಗೊಂಬೆಯನ್ನು ನೋಡುವುದು ಬೇರೆ, ಚಿತ್ರದೊಳಗೆ ನಡೆದಾಡುವುದು ಬೇರೆ. ಪಾತ್ರಕ್ಕಿಂತ ಊರು ಮೊದಲು ಎಂಬುದೇ ಇಲ್ಲಿನ ಪಾಠ.

ಹಾಗಾದರೆ ನಮಗೆ ಅಂಥ ಊರೊಂದಿದೆಯೇ? ಇದೆ. ಅದರ ಹೆಸರು ಮಾಲ್ಗುಡಿ. ೧೯೩೦ರಲ್ಲಿ, ಅಜ್ಜಿ ಆರಿಸಿಕೊಟ್ಟ ಶುಭದಿನದಂದು, ಆರ್.ಕೆ. ನಾರಾಯಣರು ಒಂದು ನೋಟುಪುಸ್ತಕ ಕೊಂಡು ಆ ಊರನ್ನು ಬರೆಯತೊಡಗಿದ್ದು ಈ ನಮ್ಮ ಬೆಂಗಳೂರಿನಲ್ಲಿಯೇ. ಆ ಊರಿಗೆ ಗೆರೆಯ ರೂಪು ಕೊಟ್ಟವರು ತಮ್ಮ ಆರ್.ಕೆ. ಲಕ್ಷ್ಮಣರು. ಮೈಸೂರಿನಲ್ಲಿ ಹುಟ್ಟಿ, ಡಾ. ಎಂ. ಶಿವರಾಂ ಅವರ ‘ಕೊರವಂಜಿ’ಗೆ ಚಿತ್ರ ಬರೆದ ಕೈ ಅದು, ೧೯೫೧ರಿಂದ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಶ್ರೀಸಾಮಾನ್ಯನನ್ನು ನಿಲ್ಲಿಸಿದ್ದೂ ಅದೇ ಕೈ. ಊರೂ ಗೆರೆಯೂ ಒಂದೇ ಮನೆಯಲ್ಲಿ ಹುಟ್ಟಿದ ಇಂಥ ಯೋಗ ಬೇರೆ ಕಡೆ ಅಪರೂಪ.

ಈ ಊರನ್ನು ಎಲ್ಲಿ ಕಟ್ಟಬೇಕೆಂದು ಕೇಳಿದರೆ ಜೆ.ಪಿ. ನಗರದಲ್ಲಿ ಎನ್ನುತ್ತೇನೆ. ೧೯೮೦ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಅನ್ನು ದೂರದರ್ಶನಕ್ಕೆ ತಂದ ಶಂಕರ್ ನಾಗ್ ಅವರ ನೆನಪಿಗೆ ೨೦೦೪ರಲ್ಲಿ ತೆರೆದ ರಂಗಶಂಕರ ಅಲ್ಲಿದೆ; ನೆರೆಹೊರೆ ಒಪ್ಪುತ್ತದೆ. ನನ್ನ ಕಲ್ಪನೆಯ ನಕ್ಷೆ ಹೀಗಿದೆ. ಬಾಗಿಲೇ ರೈಲುನಿಲ್ದಾಣ, ‘ದಿ ಗೈಡ್’ ಕಾದಂಬರಿಯ ರಾಜುವಿನ ಅಂಗಡಿ ಅಲ್ಲಿ. ಮುಂದೆ ಮಾರ್ಕೆಟ್ ರಸ್ತೆ, ಕಬೀರ ಬೀದಿ. ಕೋಆಪರೇಟಿವ್ ಬ್ಯಾಂಕಿನೆದುರು ಒಂದು ನಿಜವಾದ ಆಲದ ಮರ. ಅದರಡಿ ಮಾರ್ಗಯ್ಯನ ತಗಡಿನ ಪೆಟ್ಟಿಗೆ. ಜಗನ್ನನ ಅಂಗಡಿಯಲ್ಲಿ ತಿನ್ನುವುದಕ್ಕೆ ನಿಜವಾಗಿಯೂ ಮಿಠಾಯಿ ಸಿಗಬೇಕು. ಊರೆಲ್ಲ ಎರಡೇ ಬಣ್ಣ: ಸುಣ್ಣದ ಬಿಳುಪು, ಅದರ ಮೇಲೆ ಮಸಿಯ ಗೆರೆ. ಬಂದ ಮಕ್ಕಳ ಅಂಗಿ ಲಂಗಗಳೇ ಅಲ್ಲಿನ ಬಣ್ಣ. ಅಡ್ಡರಸ್ತೆಗೆ ಹೆಸರಿಗಿಂತ ಸಂಖ್ಯೆಯೇ ಗುರುತಾದ, ಅಳತೆಪಟ್ಟಿ ಹಿಡಿದು ಎಳೆದಂಥ ಜಯನಗರದಿಂದ ಬಂದ ಮಗುವಿಗೆ ಇಲ್ಲಿ ಒಂದು ಗೋಡೆಯೂ ನೆಟ್ಟಗಿರಬಾರದು.

ವಿಗ್ರಹ ಒಂದೇ ಒಂದು ಇರಲಿ: ಸರ್ ಫ್ರೆಡರಿಕ್ ಲಾಲಿಯದು. ನಾರಾಯಣರ ‘ಲಾಲಿ ರೋಡ್’ ಕಥೆಯಲ್ಲಿ ಸ್ವಾತಂತ್ರ್ಯ ಬಂದ ಹುರುಪಿಗೆ ಮುನಿಸಿಪಾಲಿಟಿ ಬೀದಿಬೀದಿಯ ಹೆಸರನ್ನೂ ಬದಲಿಸುತ್ತದೆ, ಲಾಲಿಯ ವಿಗ್ರಹವನ್ನು ಕೀಳಿಸುತ್ತದೆ. ಆತ ಊರಿಗೆ ಉಪಕಾರ ಮಾಡಿದವನೆಂದು ಗೊತ್ತಾದ ಮೇಲೆ ಅದೇ ವಿಗ್ರಹ ಮತ್ತೆ ಬೇಕೆನ್ನುತ್ತದೆ. ವಿಗ್ರಹಗಳ ಹುಚ್ಚಿಗೆ ಇದಕ್ಕಿಂತ ಒಳ್ಳೆಯ ಔಷಧ ನಾನರಿಯೆ. ಶ್ರೀಸಾಮಾನ್ಯನನ್ನು ಪುಣೆಯಲ್ಲಿ ಕಂಚಿನಲ್ಲಿ ಎರಕ ಹೊಯ್ದು ನಿಲ್ಲಿಸಿದ್ದಾರೆ. ಇಲ್ಲಿ ಅವನು ತಗಡಿನಲ್ಲಿ ಕತ್ತರಿಸಿದ ಚಪ್ಪಟೆ ಚಿತ್ರವಾಗಿ, ಚೌಕಳಿ ಕೋಟು ಪಂಚೆಯಲ್ಲಿ, ಜನರ ನಡುವೆ ಎಲ್ಲೋ ಒಂದು ಮೂಲೆಯಲ್ಲಿ ನಿಂತಿರಲಿ. ಪತ್ರಿಕೆಯಲ್ಲಿಯೂ ಅವನು ನಿಂತದ್ದು ಹಾಗೆಯೇ, ಬಾಯಿ ಬಿಡದೆ.

ಇದು ಬರಿಯ ಗಾಳಿಗೋಪುರವಲ್ಲ. ಧಾರಾವಾಹಿಯ ಚಿತ್ರೀಕರಣ ನಡೆದಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲುನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆಯವರು ಸರಿಪಡಿಸಿ ೨೦೨೦ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಬರೆದ ಊರು ನೆಲದ ಮೇಲೆ ನಿಲ್ಲಬಲ್ಲದೆಂದು ಅದು ತೋರಿಸಿಕೊಟ್ಟಿದೆ. ಆದರೆ ಮ್ಯೂಸಿಯಮಿನಲ್ಲಿ ಮಗು ಕೈಕಟ್ಟಿ ನೋಡಬೇಕು; ವಿನೋದ ಉದ್ಯಾನದಲ್ಲಿ ಓಡಬೇಕು, ಮುಟ್ಟಬೇಕು, ಅಲ್ಲಿಯ ಶಾಲೆಯ ಕಿಟಕಿಗೆ ಕಲ್ಲೆಸೆಯುವ ಆಟವೂ ಇರಬೇಕು. ಸ್ವಾಮಿ ಎಸೆದಿದ್ದನಲ್ಲ!

ಎರಡು ಆಕ್ಷೇಪಗಳಿಗೆ ಉತ್ತರ ಹೇಳಲೇಬೇಕು. ಮೊದಲನೆಯದು, ಮಾಲ್ಗುಡಿ ಇಂಗ್ಲಿಷಿನ ಊರಲ್ಲವೇ ಎಂಬುದು. ನಿಜ. ನಾರಾಯಣರು ಬರೆದದ್ದು ಇಂಗ್ಲಿಷಿನಲ್ಲಿ. ಆಗುಂಬೆಯಲ್ಲಿ, ಅರಸಾಳಿನಲ್ಲಿ, ಗಿರೀಶ ಕಾರ್ನಾಡ, ಮಾಸ್ಟರ್ ಮಂಜುನಾಥರಂಥ ನಮ್ಮವರೇ ನಟಿಸಿದ ಧಾರಾವಾಹಿಯೂ ತಯಾರಾದದ್ದು ಹಿಂದಿ, ಇಂಗ್ಲಿಷುಗಳಲ್ಲಿ. ನೆಲ ನಮ್ಮದು, ಮುಖ ನಮ್ಮದು, ಮಾತು ಮಾತ್ರ ಬೇರೆಯವರದು! ನನ್ನ ದೃಷ್ಟಿಯಲ್ಲಿ ಈ ಊರನ್ನು ಕಟ್ಟುವುದಕ್ಕೆ ಮುಖ್ಯ ಕಾರಣವೇ ಇದು. ಸ್ವಾಮಿಯ ಅಜ್ಜಿ ಅವನೊಡನೆ ಯಾವ ಭಾಷೆಯಲ್ಲಿ ಆಡಿರಬೇಕೆಂದು ನಾವು ಮನಸ್ಸಿನಲ್ಲಿಯೇ ಕೇಳಿಸಿಕೊಳ್ಳುತ್ತ ಬಂದಿದ್ದೇವೋ, ಆ ಮಾತನ್ನು ಮಗು ಕಿವಿಯಾರೆ ಕೇಳಲಿ. ಅಂಗಡಿಯ ಬೋರ್ಡು, ಮೇಷ್ಟರ ಗದರಿಕೆ, ಮಿಠಾಯಿಯ ಚೌಕಾಸಿ ಎಲ್ಲ ಕನ್ನಡದಲ್ಲಿರಲಿ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಇಂಥ ಊರು ಕೊನೆಗೆ ಹಳೆಯ ಕಾಲದ ಹಾಡು ಹಾಡುವ ಸಕ್ಕರೆ ಗೊಂಬೆಯಾದೀತೆಂಬ ಭಯ. ಹಾಗಾದರೆ ಕಟ್ಟದಿರುವುದೇ ಲೇಸು. ಮಾಲ್ಗುಡಿ ಮುಗ್ಧರ ಊರಲ್ಲ. ಮಾರ್ಗಯ್ಯ ರೈತರ ಅವಸರದಿಂದ ಬದುಕಿದವನು, ರಾಜು ಖೋಟಾ ಸಹಿ ಹಾಕಿ ಜೈಲು ಕಂಡವನು, ಸ್ವಾಮಿಯ ಶಾಲೆಯಲ್ಲಿ ಬೆತ್ತವಿತ್ತು. ಲಕ್ಷ್ಮಣರ ಗೆರೆಯಲ್ಲಿಯೂ ಮುದ್ದಿಗಿಂತ ಮೊನೆಯೇ ಹೆಚ್ಚು. ಆ ಮೊನೆಯನ್ನು ಮಕ್ಕಳಿಗೆ ಚುಚ್ಚೀತೆಂದು ಉಜ್ಜಿ ಹಾಕುವವರು ಮಕ್ಕಳನ್ನು ಅರಿತವರಲ್ಲ. ಮೇಷ್ಟರ ಮೂಗಿನ ಮೇಲೆ, ದೊಡ್ಡವರ ಡೌಲಿನ ಮೇಲೆ ಮಗುವಿಗಿಂತ ಚೆನ್ನಾಗಿ ನಗುವವರು ಯಾರಿದ್ದಾರೆ?

ಹಕ್ಕುದಾರರ ಒಪ್ಪಿಗೆ, ಹಣ, ಜಾಗ ಇವೆಲ್ಲ ಬೇಕು. ಅವು ಬಲ್ಲವರ ಪಾಲಿಗಿರಲಿ. ದಕ್ಷಿಣ ಬೆಂಗಳೂರಿನ ಮಕ್ಕಳು ೨೦೦೫ರಿಂದ ಮೈಸೂರು ರಸ್ತೆ ಹಿಡಿದು ಬಿಡದಿಯ ಬಳಿಯ ವಂಡರ್‌ಲಾಕ್ಕೆ ಹೋಗಿ ನೀರಾಡಿ ಕೂಗಾಡಿ ಬರುತ್ತಿದ್ದಾರೆ, ಅದೂ ಬೇಕಾದದ್ದೇ. ಆದರೆ ಯಂತ್ರ ತಿರುಗಿಸಿದರೆ ಬರುವ ಕೂಗು ಒಂದು ಬಗೆ, ಮನುಷ್ಯರನ್ನು ಗುರುತಿಸಿದಾಗ ಬರುವ ನಗೆ ಇನ್ನೊಂದು ಬಗೆ. ಮೊದಲನೆಯದಕ್ಕೆ ನಮ್ಮಲ್ಲಿ ಏರ್ಪಾಟಾಗಿದೆ. ಎರಡನೆಯದಕ್ಕೆ ಬೇಕಾದ ಊರನ್ನು ಅಣ್ಣ ಬರೆದಿಟ್ಟಿದ್ದಾನೆ, ತಮ್ಮ ಚಿತ್ರಿಸಿಟ್ಟಿದ್ದಾನೆ, ಕಟ್ಟುವವರು ಬರಬೇಕು.